ಹಸಿರು ಬಟನ್ ಒತ್ತಿದವನು

ಆಸ್ಪತ್ರೆಯಲ್ಲಿ ರೋಗಿಗಿಂತ ಹೆಚ್ಚು ಹೆದರುವವನು ರೋಗಿಯ ಜೊತೆಗೆ ನಿಲ್ಲುವವನು. ರೋಗಿಗೆ ಮಲಗುವ ಕೆಲಸವಾದರೂ ಇರುತ್ತದೆ; ಜೊತೆಗಿರುವವನಿಗೆ ಹೆದರುವುದೊಂದೇ ಕೆಲಸ. ಡಾಕ್ಟರು ಮಾತಾಡಿದರೆ ಹೆದರಿಕೆ, ಮಾತಾಡದೆ ಹೋದರೆ ಇನ್ನೂ ಹೆದರಿಕೆ. ತಳ್ಳುವ ಮಂಚ ಖಾಲಿಯಾಗಿ ಹೋದರೆ ಯಾರನ್ನು ತರಲು ಹೋಯಿತೋ ಎಂದು ಎದೆ ಹೊಡೆದುಕೊಳ್ಳುತ್ತದೆ. ನನ್ನ ಅಕ್ಕ ಗಿರಿಜಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿ, ಶಕ್ತಿನಗರದ ಮನೆಗೆ ಬೀಗ ಹಾಕಿ ಅವಳ ಜೊತೆ ನಿಂತ ಈ ಕೆಲವು ದಿನಗಳಲ್ಲಿ ಹೆದರಿದಷ್ಟು ನಾನು ಇಡೀ ಆಯುಷ್ಯದಲ್ಲಿ ಹೆದರಿಲ್ಲ. ಹೆದರಿದ್ದು ತಪ್ಪಲ್ಲ. ಹೆದರಿ ಒಂದು ತಪ್ಪು ಮಾಡಿದ್ದೇನೆ. ಅದನ್ನು ಇಲ್ಲಿ ಬರೆದುಬಿಡುತ್ತೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರವಣಿಗೆಯಲ್ಲಿ ಡೊಂಕಿದ್ದರೆ ಅದು ಶಾಲೆ ಬಿಟ್ಟದ್ದರಿಂದ; ನಡತೆಯ ಡೊಂಕು ಮಾತ್ರ ನನ್ನ ಸ್ವಂತದ್ದು.

ಅಕ್ಕನ ಮಂಚದ ಬದಿಯಲ್ಲಿ ವೈರಿನ ತುದಿಗೆ ಒಂದು ಸ್ವಿಚ್ಚು ನೇತಾಡುತ್ತಿತ್ತು. ಅದರ ಕೆಂಪು ಬಟನ್ ಒತ್ತಿದರೆ ಬಾಗಿಲ ಮೇಲೆ ದೀಪ ಉರಿಯುತ್ತದೆ. ಸಿಸ್ಟರ್‌ಗಳು ಕೂರುವ ಮೇಜಿನ ಬಳಿ ಬೋರ್ಡಿನಲ್ಲಿ ನಮ್ಮ ಕೋಣೆಯ ನಂಬರು ಬಂದು ಟಿಂಗ್ ಟಿಂಗ್ ಎಂದು ಸದ್ದಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಿಸ್ಟರ್ ಸ್ವರದಲ್ಲಿ ಗೋಡೆಯೇ "ಹೇಳಿ, ಎಂತ ಬೇಕು?" ಎಂದು ಕೇಳುತ್ತದೆ. ಸಿಸ್ಟರ್ ಬಂದು ಕೆಲಸ ಮುಗಿಸಿ, ತಲೆದಿಂಬಿನ ಹತ್ತಿರ ಗೋಡೆಯಲ್ಲಿರುವ ಹಸಿರು ಬಟನ್ ಒತ್ತಿದರೆ ಎಲ್ಲವೂ ಶಾಂತ. ಇದನ್ನೆಲ್ಲ ಸಿಸ್ಟರ್ ಲವೀನಾ ಮೊದಲ ದಿನವೇ ವಿವರಿಸಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸಲು ಏಳನೇ ಕ್ಲಾಸೂ ಬೇಡ.

ಅವರು ಹೇಳಿದ್ದರಲ್ಲಿ ಒಂದು ವಿಷಯ ನನ್ನ ಕಿವಿಗೆ ಬಿದ್ದಿರಲಿಲ್ಲ. ಬಚ್ಚಲುಮನೆಯಲ್ಲೂ ಒಂದು ಹಗ್ಗ ಇತ್ತು. ಒಳಗೆ ಬಿದ್ದವರು ಎಳೆದು ಕರೆಯಲಿಕ್ಕೆ ಇಟ್ಟದ್ದು. ಬಟ್ಟೆ ಹಾಕಲು ಎಷ್ಟು ಒಳ್ಳೆಯ ವ್ಯವಸ್ಥೆ ಮಾಡಿದ್ದಾರೆ ಎಂದುಕೊಂಡು ನಾನು ಮೈ ಒರೆಸುವ ಒದ್ದೆ ಬೈರಾಸನ್ನು ಅದಕ್ಕೆ ನೇತುಹಾಕಿ ಮೈಗೆ ಸಾಬೂನು ಹಚ್ಚತೊಡಗಿದೆ. ಅರ್ಧ ನಿಮಿಷದಲ್ಲಿ ಬಾಗಿಲು ದಡದಡ ಎಂದಿತು.

"ಬಿದ್ರಾ ಅಂಕಲ್? ಬಾಗಿಲು ತೆಗೀರಿ!"

"ಬಿದ್ದಿಲ್ಲ, ಸ್ನಾನ ಮಾಡ್ತಾ ಇದ್ದೇನೆ!"

"ಹಾಗಾದ್ರೆ ಹಗ್ಗ ಎಂತಕ್ಕೆ ಎಳೆದದ್ದು?"

"ಎಳೆದದ್ದಲ್ಲ, ಬೈರಾಸು ಹಾಕಿದ್ದು!"

ಹೊರಗೆ ಮೂವರು ನಕ್ಕದ್ದು ಕೇಳಿತು. ನಾಲ್ಕನೆಯದು ಅಕ್ಕನ ನಗು. ಅವತ್ತಿನಿಂದ ಬಾಗಿಲ ಮೇಲಿನ ಆ ದೀಪ ಉರಿದರೇ ನನಗೆ ಹೆದರಿಕೆ.

ಆದರೆ ನನ್ನ ಹೆದರಿಕೆಗೆ ಬೈರಾಸಿಗಿಂತ ಹಳೆಯ ಬೇರು ಇದೆ. ಕೊಟ್ಟಾರದ ಒಂದು ಹೋಟೆಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಸಪ್ಲೈಯರ್ ಆಗಿದ್ದವನು. ಕರೆಯುವ ಗಿರಾಕಿಯ ಬಗ್ಗೆ ಕರೆಸಿಕೊಳ್ಳುವವನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತು. ಒಮ್ಮೆ ಕರೆದವನಿಗೆ ಬಿಸಿ ಗೋಳಿಬಜೆ. ಎರಡನೇ ಸಲ ಕರೆದವನಿಗೆ ಚಟ್ನಿ ತಡವಾಗಿ. ಐದು ಸಲ ಕರೆದವನ ಟೇಬಲಿನ ಕಡೆಗೆ ನಮ್ಮ ಕುತ್ತಿಗೆಯೇ ತಿರುಗುತ್ತಿರಲಿಲ್ಲ. ದೇವರು ಮೆಚ್ಚುವ ಕೆಲಸವಲ್ಲ, ಆದರೆ ಮಾಡಿದ್ದೇವೆ. ಇಲ್ಲಿ ಅಕ್ಕ ದಿನಕ್ಕೆ ಹತ್ತು ಸಲ ಕೆಂಪು ಬಟನ್ ಒತ್ತುತ್ತಿದ್ದಳು. ತಲೆದಿಂಬು ಜಾರಿತು, ಫ್ಯಾನ್ ಜೋರಾಯಿತು, ಬೆಡ್‌ಪ್ಯಾನ್ ಬೇಕು, ಕಾಲಿನ ಕೆಳಗೆ ಬಟ್ಟೆ ಮಡಿಸಿಡಬೇಕು. ಪ್ರತಿ ಟಿಂಗ್ ಟಿಂಗನ್ನೂ ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಹೋಟೆಲಿನಲ್ಲಾದರೆ ಚಟ್ನಿ ತಡವಾಗುತ್ತದೆ. ಇಲ್ಲಿ ಸೂಜಿ ಅವರ ಕೈಯಲ್ಲಿ!

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಅಕ್ಕ ಕೆಂಪು ಒತ್ತಿದ ಕೂಡಲೇ, ಗೋಡೆ ಬಾಯಿ ತೆರೆಯುವ ಮೊದಲು, ಹಸಿರು ಒತ್ತಿ "ಎಂತ ಬೇಕು ಅಕ್ಕ? ನಾನು ಮಾಡ್ತೇನೆ" ಎನ್ನುವುದು. ಅಕ್ಕ ಬೈಯುತ್ತಿದ್ದಳು. "ನೀನು ಸುಮ್ಮನೆ ಕೂತ್ಕೋ ಮಾರಾಯ. ಅವರಿಗೆ ಗೊತ್ತುಂಟು, ನಿನಗೆ ಎಂತ ಗೊತ್ತುಂಟು?" ಆದರೂ ನಾನು ಬಿಡಲಿಲ್ಲ. ಸಿಸ್ಟರ್‌ಗಳ ಮುಖ ನಗುತ್ತಲೇ ಇತ್ತು. ಅದು ನನ್ನ ಉಪಾಯದ ಫಲವೇ ಎಂದು ಒಳಗೊಳಗೆ ಹೆಮ್ಮೆಪಟ್ಟೆ.

ಮೂರನೇ ದಿನ ಮಧ್ಯಾಹ್ನ ಅಕ್ಕ ಕೆಂಪು ಒತ್ತಿದಳು. ನಾನು ಹಸಿರು ಒತ್ತಿದೆ. "ಎಂತ ಬೇಕು?" ಎಂದರೆ, "ಸದಾ, ಎಂತದೋ ಆಗ್ತದೆ, ಹೇಳ್ಲಿಕ್ಕೆ ಗೊತ್ತಾಗುದಿಲ್ಲ" ಎಂದಳು. ಊಟ ಅರ್ಧಕ್ಕೆ ಬಿಟ್ಟಿದ್ದಳು. ಹಸಿವಿರಬೇಕು ಎಂದು ನಾನೇ ತೀರ್ಮಾನಿಸಿ ಚಹಾ ತರಲು ಹೊರಟೆ. ಹೊರಡುವಾಗ, ಇಲ್ಲದ ಹೊತ್ತಿನಲ್ಲಿ ಇವಳು ಮತ್ತೆ ಕರೆದಾಳೆಂದು ಆ ಸ್ವಿಚ್ಚನ್ನು ಎತ್ತಿ ಗ್ಲೂಕೋಸ್ ಬಾಟಲಿ ತೂಗಿಸುವ ಖಾಲಿ ಕಂಬಕ್ಕೆ ಸುತ್ತಿದೆ. ಕ್ಯಾಂಟೀನಿನಲ್ಲಿ ಸಾಲು ಇತ್ತು. ಚಹಾ ಹಿಡಿದು ವಾಪಸು ಬಂದಾಗ ಅಕ್ಕನ ಮುಖದ ಮೇಲೆ ಬೆವರು ನೀರಿನ ಹಾಗೆ ಇಳಿಯುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಒಂದು ಕೈ ಮಂಚದ ಬದಿಯಲ್ಲಿ ಸ್ವಿಚ್ಚು ಇರಬೇಕಾದ ಜಾಗವನ್ನು ತಡಕಾಡುತ್ತಿತ್ತು.

ಮೂರು ದಿನ ಹಸಿರು ಒತ್ತಿದ ನನಗೆ ಆಗ ಕೆಂಪು ನೆನಪಾಗಲಿಲ್ಲ. ಚಹಾ ಚೆಲ್ಲಿಕೊಂಡು ಕಾರಿಡಾರಿಗೆ ಓಡಿ, ಹೋಟೆಲಿನಲ್ಲಿ ಅಡುಗೆಮನೆಗೆ ಆರ್ಡರ್ ಕೂಗುತ್ತಿದ್ದ ದೊಡ್ಡ ಸ್ವರದಲ್ಲಿ "ಸಿಸ್ಟರ್" ಎಂದು ಬೊಬ್ಬೆ ಹೊಡೆದೆ. ಅವರು ಓಡಿ ಬಂದರು. ಅಕ್ಕನಿಗೆ ಮೊದಲೇ ಸಕ್ಕರೆ ಕಾಯಿಲೆ. ಮದ್ದು ಒಳಗಿತ್ತು, ಊಟ ಹೊರಗಿತ್ತು. ಶುಗರ್ ಪೂರಾ ಇಳಿದಿತ್ತು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ಆ ಗಡಿಬಿಡಿಯಲ್ಲಿ ಕಂಬದ ಸ್ವಿಚ್ಚನ್ನು ಯಾರೂ ಗಮನಿಸಲಿಲ್ಲ; ನಾನು ಮೆಲ್ಲಗೆ ಬಿಡಿಸಿಟ್ಟೆ. ಆ ಹತ್ತು ನಿಮಿಷಗಳಲ್ಲಿ ನಾನು ಕಟೀಲಿನ ದೇವಿಗೆ ಏನೆಲ್ಲ ಹರಕೆ ಹೇಳಿಕೊಂಡೆನೋ, ಅಮ್ಮನವರೇ ನೆನಪಿಟ್ಟುಕೊಂಡಿರಬೇಕು.

ಅಕ್ಕ ಕಣ್ಣು ಹೊರಳಿಸಿ ನೋಡಿದ ಮೇಲೆ ಸಿಸ್ಟರ್ ಲವೀನಾ ಕೇಳಿದರು. "ಈ ಕೋಣೆಯಿಂದ ಬೆಲ್ ಆದದ್ದು ನಾನೇ ಕೇಳಿದ್ದೇನೆ. ಕೂಡಲೇ ಬಂದ್ ಆಯಿತು. ಯಾರು ಆಫ್ ಮಾಡಿದ್ದು?"

ಒಂದು ಮಾತು ಸಾಕಿತ್ತು. ನಾನು ನೆಲದ ಮೇಲಿನ ಚಹಾ ನೋಡಿದೆ. ಆಗ ಅಕ್ಕ, ಇನ್ನೂ ಮಂಪರಿನಲ್ಲಿ, ಮೆಲ್ಲಗೆ ಹೇಳಿದಳು: "ನಾನೇ ಒತ್ತಿರಬೇಕು ಸಿಸ್ಟರ್. ನನಗೆ ಎಂತದ್ದೂ ನೆನಪಿಲ್ಲ."

ಅಕ್ಕನಿಗೆ ಬುದ್ಧಿ ಮಂಕಾಗುತ್ತಿದೆಯೋ ಎಂದು ಅವರು ಏನೋ ಬರೆದುಕೊಂಡರು. ಸಂಜೆಯಿಂದ ಮಂಚದ ಎರಡೂ ಬದಿಗೆ ಕಬ್ಬಿಣದ ತಡೆ ಬಂತು. ಪ್ರತಿ ಪಾಳಿಯ ಸಿಸ್ಟರ್ ಬಂದು ಮಗುವಿಗೆ ಕೇಳುವ ಹಾಗೆ ಕೇಳತೊಡಗಿದರು: "ಅಮ್ಮಾ, ಇವತ್ತು ಯಾವ ವಾರ? ಇದು ಯಾವ ಊರು?" ನಲವತ್ತು ವರ್ಷ ಕಾವೂರಿನಲ್ಲಿ ಬಟ್ಟೆ ಹೊಲಿದು, ಊರಿನ ಹೆಂಗಸರ ಅಳತೆಗಳನ್ನೆಲ್ಲ ಪುಸ್ತಕವಿಲ್ಲದೆ ತಲೆಯಲ್ಲೇ ಇಟ್ಟುಕೊಂಡಿದ್ದವಳು ನನ್ನ ಅಕ್ಕ. ಮೊದಲ ದಿನ "ಮಂಗಳೂರು. ನಿಮ್ಮದು ಯಾವ ಊರು?" ಎಂದು ತಿರುಗಿ ಕೇಳಿದಳು. ಎರಡನೇ ದಿನ ಉತ್ತರ ಕೊಡುವ ಮೊದಲು ಒಮ್ಮೆ ನನ್ನ ಮುಖ ನೋಡಿದಳು, ಸರಿಯಾ ಎನ್ನುವ ಹಾಗೆ. ಸಿಸ್ಟರ್ ಹೋದ ಮೇಲೆ ಕೇಳಿದಳು.

"ಸದಾ, ಅಮ್ಮನಿಗೂ ಹೀಗೇ ಅಲ್ವಾ ಶುರುವಾದದ್ದು? ಒಲೆ ಆರಿಸಿದ್ದು ನೆನಪಿರ್ಲಿಲ್ಲ. ಮತ್ತೆ ನಮ್ಮ ಹೆಸರೂ ನೆನಪಿರ್ಲಿಲ್ಲ."

ಅಮ್ಮ ಕೊನೆಗೆ ನನ್ನನ್ನು ಹಾಲಿನವನೆಂದು ತಿಳಿದು ಹೊರಗೆ ನಿಲ್ಲಿಸುತ್ತಿದ್ದಳು. ಆ ದಿನಗಳನ್ನು ಅಕ್ಕ ಒಬ್ಬಳೇ ಎದುರಿಸಿದ್ದಳು. ಈಗ ಅವಳ ಕಣ್ಣಿನಲ್ಲಿದ್ದ ಹೆದರಿಕೆಯ ಮುಂದೆ ನನ್ನ ಇಷ್ಟು ದಿನಗಳ ಹೆದರಿಕೆ ಬರೀ ಹೊಟ್ಟೆ ತುಂಬಿದವನ ಆಟ. ನಾನು ಎದ್ದು, ಜೀವನದಲ್ಲಿ ಮೊದಲ ಸಲ, ಆ ಕೆಂಪು ಬಟನ್ ಒತ್ತಿದೆ.

"ಹೇಳಿ, ಎಂತ ಬೇಕು?" ಎಂದಿತು ಗೋಡೆ.

ಹೇಳಬೇಕಾದದ್ದು ಬಿಟ್ಟು "ನೀರು" ಎಂದುಬಿಟ್ಟೆ. ಸಿಸ್ಟರ್ ಲವೀನಾ ನೀರು ತಂದರು. ಅಕ್ಕನಿಗೆ ಕೊಡಲು ಹೋದರೆ ಅವಳು "ನನಗಲ್ಲ, ಅವನಿಗೆ" ಎಂದಳು. ಪೂರಾ ಗ್ಲಾಸು ಕುಡಿದು ಮುಗಿಸಿ ಹೇಳಿದೆ: ಅವತ್ತು ಆಫ್ ಮಾಡಿದ್ದು ನಾನು. ಅದಕ್ಕೆ ಮೊದಲು ಎಷ್ಟೋ ಸಲ ಮಾಡಿದ್ದೂ ನಾನು. ಸ್ವಿಚ್ಚನ್ನು ಕಂಬಕ್ಕೆ ಸುತ್ತಿದ್ದೂ ನಾನು. ಅಕ್ಕನ ತಲೆ ಸರಿ ಉಂಟು.

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಅಂಕಲ್, ನಾವು ಬಂದು ಅಮ್ಮನ ಮುಖ ನೋಡಿದ ಮೇಲೆ ಒತ್ತುವ ಬಟನ್ ಅದು. ಅದನ್ನು ಒತ್ತಿದ್ರೆ ನೋಡಿ ಆಯಿತು, ಆರಾಮ ಇದ್ದಾರೆ ಅಂತ ಅರ್ಥ. ದಿಂಬು ಜಾರಿದ್ರೂ ಕರೀಲಿ. ದಿಂಬು ಸರಿ ಮಾಡುವಾಗಲೇ ಬೆವರು ಕಾಣುದು ನಮಗೆ" ಎಂದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಮರ್ಲ್ ನನಗಲ್ಲ, ತಲೆ ಕೆಟ್ಟದ್ದು ಇವನಿಗೆ. ನಾನು ಸುಮ್ಮನೆ ಎರಡು ದಿನ ಹೆದರಿದೆ" ಎಂದು ಸಿಸ್ಟರಿಗೆ ಹೇಳಿದಳು. ಇದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾವ ಬೈಗುಳದಲ್ಲೂ ಕಂಡಿಲ್ಲ. ಸಂಜೆ ತಡೆಗಳನ್ನು ಇಳಿಸಿದರು.

ಇವತ್ತು ಬೆಳಿಗ್ಗೆ ಅಕ್ಕ ಕಾಲಿನ ಕೆಳಗಿನ ಬಟ್ಟೆ ಸರಿ ಮಾಡಿಸಲು ಕೆಂಪು ಬಟನ್ ಒತ್ತಿದಳು. ನನ್ನ ಬಲಗೈ ತಾನಾಗಿಯೇ ಗೋಡೆಯ ಕಡೆಗೆ ಎದ್ದಿತು. ಅಕ್ಕ ಆ ಕೈಯನ್ನೇ ನೋಡಿದಳು. ನಾನು ಕೂಡಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಮುದುಡಿ ಕುಳಿತೆ. ಸಿಸ್ಟರ್ ಲವೀನಾ ಬಂದವರು ಮೊದಲು ನನ್ನನ್ನೇ ನೋಡಿ, "ಎಂತ ಅಂಕಲ್, ಚಳಿ ಆಗ್ತದಾ?" ಎಂದು ಕೇಳಿದರು. ಸತ್ಯ ಹೇಳುವ ಧೈರ್ಯ ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಬರುವುದಿಲ್ಲವೆಂದು ಕಾಣುತ್ತದೆ. ಹೌದು ಎಂದುಬಿಟ್ಟೆ. ಅವರು ಪಾಪ, ಫ್ಯಾನ್ ಆರಿಸಿ ಕಂಬಳಿ ತಂದು ಹೊದಿಸಿ ಹೋದರು. ಮಂಗಳೂರಿನ ಈ ಸೆಕೆಯಲ್ಲಿ ಕುತ್ತಿಗೆವರೆಗೆ ಕಂಬಳಿ ಹೊದ್ದು ಬೆವರುತ್ತಾ ಇದನ್ನು ಬರೆಯುತ್ತಿದ್ದೇನೆ. ಮಂಚದ ಮೇಲಿನವಳು ಕಾಗದದಲ್ಲಿ ಗಾಳಿ ಹಾಕಿಕೊಳ್ಳುತ್ತಾ, ಫ್ಯಾನ್ ಹಾಕಿಸಲು ಸಿಸ್ಟರನ್ನು ನೀನೇ ಕರೆ ಎನ್ನುತ್ತಿದ್ದಾಳೆ.