ನನ್ನ ರೀಡಿನ ಮೇಲೆ ಮೊಟ್ಟೆಯಿಟ್ಟ ಪಾರಿವಾಳದವರಿಗೆ

ಸಯನ್ ಸ್ಟೇಷನ್ನಿಗೆ ಬೆನ್ನು ಮಾಡಿ ನಿಂತಿರುವ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ, ನಮ್ಮದೇ ಏಸಿ ಪೆಟ್ಟಿಗೆಯ ಮೇಲೆ ಸಂಸಾರ ಹೂಡಿರುವ ಶ್ರೀಮತಿ ಪಾರಿವಾಳದವರಿಗೆ, ಕಿಟಕಿಯ ಈಚೆಯಿಂದ ಶರಣನೆಂಬವನು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಯಜಮಾನರೂ ಎರಡು ಮೊಟ್ಟೆಗಳೂ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ದಿನಕ್ಕೆ ಹತ್ತು ಸಲ ಗ್ರಿಲ್ಲಿನಿಂದ ಇಣುಕಿ ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ. ಅಷ್ಟೂ ಸಲ ತಾವು ಒಂದೇ ಕಣ್ಣಿನಿಂದ, ಬಾಡಿಗೆದಾರನನ್ನು ನೋಡುವಂತೆ ನನ್ನನ್ನು ನೋಡಿದ್ದೀರಿ. ಆದ್ದರಿಂದ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ.

ನಾನು ಬಸೂನ್ ನುಡಿಸುವವನು. ಹಾಗೆಂದರೇನೆಂದು ತಮಗೆ ತಿಳಿಯದಿದ್ದರೆ ಸಂಕೋಚ ಬೇಡ, ಈ ಬಿಲ್ಡಿಂಗಿನಲ್ಲಿ ಯಾರಿಗೂ ತಿಳಿಯದು. ಅದು ನಾಲ್ಕೂವರೆ ಅಡಿ ಎತ್ತರದ, ಕಂದು ಮರದ, ನೆಗಡಿಯಾದ ಹಿರಿಯರ ದನಿಯಲ್ಲಿ ಮಾತಾಡುವ ಒಂದು ಪಾಶ್ಚಾತ್ಯ ವಾದ್ಯ. ಬೈಕುಲ್ಲಾದ ಶಾಲೆಯಲ್ಲಿ ಬ್ಯಾಂಡ್ ಮಾಸ್ತರರು ಹುಡುಗರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ವಾದ್ಯ ಹಂಚಿದಾಗ, ಸಾಲಿನ ತುದಿಯಲ್ಲಿದ್ದ ನನಗೆ ಎಲ್ಲಕ್ಕಿಂತ ಉದ್ದದ್ದು ಬಂತು. ಹೀಗೆ ನನ್ನ ಕಲಾಜೀವನವನ್ನು ನಿರ್ಧರಿಸಿದ್ದು ನನ್ನ ಕಾಲುಗಳು. ಇಪ್ಪತ್ತೆರಡು ವರ್ಷಗಳಿಂದ ಈ ನಗರದ ಒಂದು ವಾದ್ಯವೃಂದದಲ್ಲಿ ಎರಡನೇ ಬಸೂನ್ ನನ್ನದು. ಮೊದಲನೇ ಕುರ್ಚಿಗೆ ಪ್ರತಿ ವರ್ಷ ಪರದೇಶದಿಂದ ಒಬ್ಬ ಮಹನೀಯರು ವಿಮಾನದಲ್ಲಿ ಬಂದು ಕುಳಿತು, ಹೂಗುಚ್ಛ ಪಡೆದು, ವಿಮಾನದಲ್ಲೇ ಹೋಗುತ್ತಾರೆ.

ತಮಗೆ ಚೆನ್ನಾಗಿ ಪರಿಚಯವಿರುವ ನಮ್ಮ ಅವ್ವ, ವಿಜಯಪುರದ ಕಡೆಯ ಸೋಮವ್ವ, ಇಷ್ಟು ವರ್ಷಗಳಲ್ಲಿ ನಾಲ್ಕು ಸಲ ನಮ್ಮ ಸಂಗೀತ ಕಛೇರಿಗೆ ಬಂದಿದ್ದಾರೆ. ನಾಲ್ಕೂ ಸಲ ಹೊರಗೆ ಬಂದು, "ಎಪ್ಪತ್ತ ಮಂದಿ ಒಮ್ಮೆ ಬಾರಸ್ತೀರಿ, ಅದರಾಗ ನಿಂದು ಯಾವದು ಅಂತ ಹ್ಯಾಂಗ ತಿಳೀಬೇಕೋ ತಮ್ಮಾ" ಎಂದಿದ್ದಾರೆ. ನಿಜ ಹೇಳಬೇಕೆಂದರೆ, ಆ ಮಾತು ಪ್ರತಿ ಸಲವೂ ನನಗೆ ನೋವು ಕೊಟ್ಟಿದೆ.

ಈ ಸಲ ಆ ಮಹನೀಯರಿಗೆ ವೀಸಾ ಬರಲಿಲ್ಲ. ಮೊದಲ ಕುರ್ಚಿ ನನಗೆ ಬಂತು, ಅದರ ಜೊತೆಗೆ ಮುಕ್ಕಾಲು ನಿಮಿಷವೂ ಬಂತು: ಉಳಿದವರೆಲ್ಲ ಕೈಕಟ್ಟಿ ಕೂರುವ, ಬಸೂನ್ ಒಂದೇ ಹಾಡುವ ಮುಕ್ಕಾಲು ನಿಮಿಷ. ಅವ್ವನಿಗೆ ಐದನೇ ಸಲ ಟಿಕೆಟ್ ತಂದೆ.

ಇನ್ನು ರೀಡಿನ ವಿಷಯ. ಬಸೂನಿನ ಬಾಯಿಗೆ ಸಿಕ್ಕಿಸುವ, ಬೆರಳುದ್ದದ ಆ ಜೊಂಡಿನ ಪೀಪಿ ಇಲ್ಲದಿದ್ದರೆ ವಾದ್ಯವು ಬರೀ ಪೈಪು. ಅದನ್ನು ನುಡಿಸುವವನೇ ಮಾಡಿಕೊಳ್ಳಬೇಕು: ಜೊಂಡು ನೆನೆಸಿ, ಮಡಿಸಿ, ಕೆಂಪು ದಾರ ಸುತ್ತಿ, ಚಾಕುವಿನಿಂದ ಹೆರೆದು, ಊದಿ ನೋಡಿ, ಮತ್ತೆ ಹೆರೆದು, ಮೂರು ವಾರ. ಹತ್ತು ಮಾಡಿದರೆ ಒಂಬತ್ತು ಕಸಕ್ಕೆ ಹೋಗುತ್ತವೆ. ಹತ್ತನೆಯದನ್ನು, ನನ್ನ ಜೀವಮಾನದಲ್ಲೇ ಅತ್ಯುತ್ತಮವಾದದ್ದನ್ನು, ಕಿಟಕಿಯಲ್ಲಿ ಅವ್ವನ ಸಂಡಿಗೆ ತಟ್ಟೆಯ ಪಕ್ಕ ಒಣಗಲು ಇಟ್ಟಿದ್ದೆ.

ಸಾಯಂಕಾಲ ತಾಲೀಮಿನಿಂದ ಬಂದಾಗ ಸಂಡಿಗೆ ಇತ್ತು, ರೀಡ್ ಇರಲಿಲ್ಲ. ತಮ್ಮ ಗೂಡಿನಲ್ಲಿ, ಎರಡು ಕೇಬಲ್ ತುಂಡು ಮತ್ತು ಒಂದು ಕಸಬರಿಗೆ ಕಡ್ಡಿಯ ನಡುವೆ ಕೆಂಪು ದಾರ ಕಂಡಿತು. ತಮ್ಮನ್ನು ಕಳ್ಳರೆಂದು ಕರೆಯಲು ನನಗೂ ಆಸೆಯಿತ್ತು. ಆದರೆ ಒಳಗಿನಿಂದ ಅವ್ವ ತಾವಾಗಿಯೇ ಹೇಳಿದರು: "ಪಾಪ, ಬಸುರಿ ಅದ. ಮುಂಜಾನಿಂದ ಕಡ್ಡಿ ಹುಡಕಾಕ ಹತ್ತಿತ್ತು. ನೀ ಕೆರದ ಇಟ್ಟದ್ದು ಒಂದು ಬಿದ್ದಿತ್ತಲ್ಲ, ಕೊಟ್ಟೆ." ಒಂಬತ್ತನ್ನು ನಾನೇ ಕಸಕ್ಕೆ ಹಾಕಿದ್ದನ್ನು ನೋಡಿದವರು, ಹತ್ತನೆಯದೂ ಕಸವೆಂದು ತಿಳಿದದ್ದರಲ್ಲಿ ತರ್ಕವಿದೆ.

ನಾನು ಗ್ರಿಲ್ಲಿನಿಂದ ಕೈ ಹಾಕಿದೆ. ತಾವು ಆಗಲೇ ಮೊದಲನೇ ಮೊಟ್ಟೆ ಇಟ್ಟಾಗಿತ್ತು. "ಬಾಣಂತಿ ಬುಡದ ಹಾಸಿಗಿ ಎಳೀತೀಯೇನೋ? ಅಷ್ಟ ಬೇಕಾದ್ದಿದ್ರ ಕಪಾಟದಾಗ ಇಡಬೇಕಿತ್ತು" ಎಂದು ಅವ್ವ ಮೊಣಕೈ ಹಿಡಿದರು. ಕೈ ಹಿಂದಕ್ಕೆ ತೆಗೆದೆ.

ಎಂಟು ದಿನಗಳಲ್ಲಿ ಅವಸರಕ್ಕೆ ಕೆರೆದ ರೀಡಿನಿಂದ ಮುಕ್ಕಾಲು ನಿಮಿಷ ನುಡಿಸಿದೆ. ನಲವತ್ತು ಸೆಕೆಂಡು ಅದು ನನ್ನ ಮಾತು ಕೇಳಿತು. ಉಳಿದ ಐದರಲ್ಲಿ, ಇಡೀ ಸಭಾಗೃಹ ಉಸಿರು ಹಿಡಿದಿದ್ದಾಗ, ಕೊನೆಯ ಸ್ವರ ಒಡೆದು, ತಾವು ಮುಂಜಾನೆ ಮಾಡುವ ಸದ್ದನ್ನೇ ಮಾಡಿತು. ಮುಖ ಎತ್ತಲು ನಾಚಿಕೆಯಾಯಿತು.

ಟ್ಯಾಕ್ಸಿ ದಾದರ್ ದಾಟುವಾಗ ಅವ್ವ ಹೇಳಿದರು: "ಇವತ್ತ ತಿಳೀತು ನೋಡು, ನಿಂದು ಯಾವದಂತ. ಕೊನೀಗೆ ಪಾರಿವಾಳದ್ಹಂಗ ಗುಟುರಿದ್ದು ಯಾರಂತ ಬಾಜೂ ಕುಂತಾಕಿ ಕೇಳಿದ್ಲು. ನನ್ನ ಮಗ ಅಂದೆ."

ಆದ್ದರಿಂದ ಮಾನ್ಯರೇ, ದೂರು ಬರೆಯಲು ಕುಳಿತವನು ಯಾವ ಶಬ್ದದಿಂದ ಬೈಯಬೇಕೆಂದು ತೋಚದೆ ಒದ್ದಾಡುತ್ತಿದ್ದೇನೆ. ಸಿಟ್ಟು ಇದೆ, ಅದನ್ನು ಅವ್ವನಿಗೆ ಬರೆಯಲಾಗದ್ದರಿಂದ ತಮಗೆ ಬರೆದಿದ್ದೇನೆ. ಕೋರಿಕೆ ಇಷ್ಟೇ: ಮರಿಗಳು ಹಾರಿದ ಮೇಲೆ ರೀಡನ್ನು ತೊಳೆದು ಹಿಂದಿರುಗಿಸಬೇಕು, ಅದು ಕಸವಾಗಿರಲಿಲ್ಲವೆಂದು ಅವ್ವನಿಗೆ ತಾವೇ ಒಂದು ಮಾತು ಹೇಳಬೇಕು. ತಮ್ಮ ಮಾತಿಗೆ ನಮ್ಮ ಮನೆಯಲ್ಲಿ ಬೆಲೆ ಇದೆ.

ತಮ್ಮ ವಿಶ್ವಾಸಿಯೂ, ತಮ್ಮ ಮಕ್ಕಳ ಹಾಸಿಗೆಯ ಮೂಲ ತಯಾರಕನೂ ಆದ,
ಶರಣ
ಎರಡನೇ ಬಸೂನ್

ಮರೆತ ಮಾತು: ಪರದೇಶದ ಮಹನೀಯರಿಗೆ ವೀಸಾ ಸಿಕ್ಕಿದೆಯಂತೆ. ಮುಂದಿನ ಕಛೇರಿಯ ಹಿಂದಿನ ದಿನ ನಮ್ಮಲ್ಲಿ ಊಟಕ್ಕೆ ಬರಲು ಕರೆದಿದ್ದೇನೆ. ಅವರ ರೀಡುಗಳಿಗೆ ನಮ್ಮ ಕಿಟಕಿಯ ಬಿಸಿಲು ಬಹಳ ಒಳ್ಳೆಯದೆಂದೂ ತಿಳಿಸಿದ್ದೇನೆ. ಅಷ್ಟರೊಳಗೆ ತಾವು ದಯವಿಟ್ಟು ಮತ್ತೊಮ್ಮೆ ಬಸುರಾಗಬೇಕು. ಕಡ್ಡಿಯ ವ್ಯವಸ್ಥೆ ಅವ್ವ ನೋಡಿಕೊಳ್ಳುತ್ತಾರೆ.