ವರ್ಷಕ್ಕೊಂದು ನಡತೆಯ ಚೀಟಿ

ಮನುಷ್ಯನ ನಡತೆಯನ್ನು ಕಾಗದದ ಮೇಲೆ ಹಿಡಿಯಲು ಹೋದವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಮಕ್ಕಳ ಜೊತೆ ಕೆಲಸ ಮಾಡುವವರ ಮೇಲೆ ಕೇಸು ಇದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಪೊಲೀಸರಿಂದ ಬರೆಸಿಕೊಳ್ಳುವುದು ಬೀದರದ ಕಚೇರಿಯಲ್ಲಿ ನನ್ನ ಕೆಲಸವಾಗಿತ್ತು. ಬರದ ಆ ವರ್ಷಗಳಲ್ಲಿ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಿದ್ದರು. ಮಕ್ಕಳ ಸಾಲೆ ತಪ್ಪಬಾರದೆಂದು ಅವರನ್ನು ಹಾಸ್ಟೆಲುಗಳಲ್ಲಿ ಬಿಡುತ್ತಿದ್ದರು. ಆ ತಂದೆತಾಯಿಗಳೆಲ್ಲ ನನ್ನ ಫೈಲು ನಂಬಿ ಲಾರಿ ಹತ್ತುತ್ತಾರೆ ಎಂದು ನೆನಪಾದರೆ ನನಗೆ ಊಟ ಸೇರುತ್ತಿರಲಿಲ್ಲ. ಫೈಲು ತೆರೆದರೆ ಮಾತ್ರ ನಗು ಬರುತ್ತಿತ್ತು.

ಭಾಲ್ಕಿಯ ಕಾವಲುಗಾರ

ಭಾಲ್ಕಿ ಹಾಸ್ಟೆಲಿನ ಕಾವಲುಗಾರನ ಬಗ್ಗೆ ವಿಚಾರಿಸಲು ಪೊಲೀಸ್ ಪೇದೆಯೊಬ್ಬರು ಅವನ ಊರಿಗೆ ಹೋದರು. ಓಣಿಯ ಹನ್ನೊಂದು ಮನೆಗೂ ಬೀಗ. ಎಲ್ಲರೂ ಕಬ್ಬಿಗೆ ಹೋಗಿದ್ದರು. ಪೇದೆ ಬಿಸಿಲಲ್ಲಿ ಎರಡು ಸುತ್ತು ಹಾಕಿ, ಬೇವಿನ ಗಿಡದ ಕೆಳಗೆ ಕೂತು ವರದಿ ಬರೆದರು: "ನೆರೆಹೊರೆಯವರಿಂದ ಯಾವುದೇ ದೂರು ಬಂದಿಲ್ಲ."

ಇದು ಹ್ಯಾಂಗ ಬರೆದ್ರಿ ಎಂದು ಫೋನಿನಲ್ಲಿ ಕೇಳಿದೆ. ಸುಳ್ಳೇನೂ ಬರೆದಿಲ್ಲವಲ್ಲ ಎಂದರು. ಅದೂ ಖರೆಯೇ. ಬೀಗಗಳು ಯಾರ ಮೇಲೂ ದೂರು ಹೇಳುವುದಿಲ್ಲ.

ಬೀದರದ ಮಾಸ್ತರರು

ಹಾಸ್ಟೆಲಿನಲ್ಲಿ ಸಂಜೆ ಗಣಿತ ಹೇಳಿಕೊಡುತ್ತಿದ್ದ ಮಾಸ್ತರರೊಬ್ಬರಿಗೆ ಪ್ರತಿ ವರ್ಷ ಫಾರ್ಮು ತುಂಬುವುದೆಂದರೆ ಮೈಯೆಲ್ಲ ಉರಿ. ಜಿಲ್ಲೆಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಒಂದು ದಿನ ನನ್ನ ಮೇಜಿನ ಮುಂದೆಯೇ ನಿಂತುಬಿಟ್ಟರು.

"ಹೋದ ವರ್ಷ ಒಳ್ಳೆಯವ ಅಂತ ನೀವೇ ಬರಸ್ಕೊಂಡೀರಿ. ಒಂದು ವರ್ಷದಾಗ ನಾ ಕೆಟ್ಟೇನಿ ಅಂತ ಯಾರು ಹೇಳ್ಯಾರ?"

"ಹೋದ ವರ್ಷ ನಮ್ಮ ಬಾವ್ಯಾಗ ನೀರೂ ಇತ್ತರಿ ಮಾಸ್ತರ," ಅಂದೆ.

ಮಾಸ್ತರರು ಪೆನ್ನು ಕೇಳಿ ಇಸಿದುಕೊಂಡು ಫಾರ್ಮು ತುಂಬಲು ಕೂತರು.

ಔರಾದದ ವಾರ್ಡನ್

ಔರಾದ ಹಾಸ್ಟೆಲಿಗೆ ಹೊಸ ವಾರ್ಡನ್ ಬಂದ. ಇಸ್ತ್ರಿ ಮುರಿಯದ ಅಂಗಿ, ಮಾತಿಗೊಂದು ನಮಸ್ಕಾರ. ಊರು ಗಡಿಯಾಚೆ ಮಹಾರಾಷ್ಟ್ರದಲ್ಲಿ, ಬಸ್ಸಿನಲ್ಲಿ ಅರ್ಧ ತಾಸು. ಆದರೆ ಔರಾದದಲ್ಲಿ ಬಾಡಿಗೆ ಖೋಲಿ ಹಿಡಿದು ಎರಡು ತಿಂಗಳಾಗಿದ್ದರಿಂದ ಫಾರ್ಮು ಔರಾದ ಠಾಣೆಗೇ ಹೋಯಿತು. "ನಮ್ಮ ಸರಹದ್ದಿನಲ್ಲಿ ಪ್ರಕರಣವಿಲ್ಲ" ಎಂದು ಬಂತು. ಅಷ್ಟು ಚೊಕ್ಕ ಚೀಟಿ ನನ್ನ ಫೈಲಿನಲ್ಲಿ ಇನ್ನೊಂದಿರಲಿಲ್ಲ.

ಅಲ್ಲಿ ಅಡುಗೆ ಮಾಡುವಾಕೆಯನ್ನು ಮಕ್ಕಳು ಮರಾಠಿಯಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಮೌಶಿ ಫೋನು ಮಾಡಿ, "ಬಾಯಾರ, ಹುಡುಗ್ಯಾರ ಮ್ಯಾಗ ಆ ಮನಷ್ಯಾನ ನದರು ಚಲೋ ಇಲ್ಲರಿ," ಅಂದಳು. ಅವನ ಕಾಗದ ಚಲೋ ಇದೆಯಲ್ಲ ಅಂದೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಮ್ಮ ಕಚೇರಿಗೆ ಗೊತ್ತಾಗದ್ದು ಕಬ್ಬು ಕಡಿಯುವವರಿಗೆ ಗೊತ್ತಾಯಿತು. ಔರಾದ ಕಡೆಯ ಒಂದು ತಂಡ ಕಡಿಯುತ್ತಿದ್ದ ಹೊಲ ಆ ವಾರ್ಡನನ ಊರಿನದೇ. ಮಕ್ಕಳನ್ನು ಎಲ್ಲಿ ಬಿಟ್ಟು ಬಂದಿರಿ ಎಂದು ಹೊಲದವರು ಕೇಳಿದ್ದಾರೆ. ವಾರ್ಡನನ ಹೆಸರು ಹೇಳಿದ್ದೇ ತಡ, ಹುಡುಗಿಯರ ಮೈಮೇಲೆ ಕೈಹಾಕಿದ್ದಕ್ಕೆ ಅವನನ್ನು ಅಲ್ಲಿನ ಸಾಲೆಯಿಂದ ಹೊರಹಾಕಿದ್ದು, ಕೋರ್ಟಿನಲ್ಲಿ ಕೇಸು ನಡೆದದ್ದು ಎಲ್ಲ ಹೊರಬಿತ್ತು. ಒಬ್ಬ ತಂದೆ ಕೂಡಲೇ ಮೌಶಿಗೆ ಫೋನು ಹಚ್ಚಿದ. ಮೌಶಿ ನನಗೆ ಹಚ್ಚಿದಳು. ಆ ಠಾಣೆಗೆ ಇವತ್ತೇ ಪತ್ರ ಬರೆಯುತ್ತೇನೆ, ಒಂದು ತಿಂಗಳಲ್ಲಿ ಉತ್ತರ ಬರುತ್ತದೆ ಅಂದೆ.

"ತಿಂಗಳ ತನಕ ಹುಡುಗ್ಯಾರಿಗಿ ಎಲ್ಲಿ ಮುಚ್ಚಿಡ್ಲರಿ?" ಅಂದಳು.

ಮೌಶಿ ಉತ್ತರಕ್ಕೆ ಕಾಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವನು ಒಬ್ಬ ಹುಡುಗಿಯ ಕೈ ಹಿಡಿದು ಹಾಸ್ಟೆಲಿನ ಆಫೀಸು ಖೋಲಿಯ ಕಡೆ ಎಳೆದ. ಮೌಶಿ ಬೇಳೆ ಕುದಿಯುವ ಪಾತ್ರೆಯಿಂದ ಕಬ್ಬಿಣದ ಸೌಟು ಎತ್ತಿದವಳೇ ಅವನ ತಲೆಗೆ ಬಿಟ್ಟಳು. ಐದು ಹೊಲಿಗೆ ಬಿದ್ದವು. ಅವನು ಬ್ಯಾಂಡೇಜು ಸುತ್ತಿಕೊಂಡು ನೆಟ್ಟಗೆ ಠಾಣೆಗೆ ಹೋಗಿ ಮೌಶಿಯ ಮೇಲೆ ದೂರು ಕೊಟ್ಟ. ಠಾಣೆಯವರು ಮರ್ಯಾದೆಯಿಂದ ಬರೆದುಕೊಂಡರು, ಯಾಕೆಂದರೆ ಅವನು ಒಳ್ಳೆಯ ನಡತೆಯವನೆಂದು ಅವರ ಹತ್ತಿರವೇ ದಾಖಲೆಯಿತ್ತಲ್ಲ.

ಮೌಶಿಯ ಚೀಟಿ

ಗಡಿಯಾಚೆಯಿಂದ ಉತ್ತರ ಬಂತು, ಹುಡುಗಿಯೂ ಬಾಯಿಬಿಟ್ಟು ಹೇಳಿದಳು, ಅವನನ್ನು ಹಿಡಿದೊಯ್ದರು. ಅವನು ಹೋದರೂ ಅವನು ಕೊಟ್ಟ ದೂರು ಉಳಿಯಿತು. ಮೌಶಿ ತಾರೀಖು ಬಂದಾಗಲೆಲ್ಲ ಕೋರ್ಟಿಗೆ ಅಲೆದಳು.

ಮರುವರ್ಷವೂ ಮಳೆಯಿಲ್ಲ. ದೀಪಾವಳಿ ಮುಗಿದು ಲಾರಿ ಹೊರಡುವ ಹೊತ್ತಿಗೆ ಎಲ್ಲರ ಚೀಟಿಗಳು ಬಂದವು. ಇಡೀ ಜಿಲ್ಲೆಯಲ್ಲಿ "ಪ್ರಕರಣ ಇದೆ" ಎಂದು ಬಂದದ್ದು ಒಬ್ಬಳದೇ. ಕೇಸು ಇದ್ದವರು ಮಕ್ಕಳ ಹತ್ತಿರ ಇರುವಂತಿಲ್ಲ ಎಂಬುದು ನಿಯಮ. ಮೌಶಿಯನ್ನು ತೆಗೆಯುವ ನೋಟೀಸು ನನ್ನ ಕೈಯಿಂದಲೇ ಟೈಪಾಯಿತು. ಅದನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಕಚೇರಿಯ ಸಾಹೇಬರ ಜೊತೆ ಔರಾದಕ್ಕೆ ಹೋದೆ.

ಹಾಸ್ಟೆಲಿನ ಮುಂದೆ ತಂದೆತಾಯಿ ಗಂಟುಮೂಟೆ ಹಿಡಿದು ನಿಂತಿದ್ದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಈ ಅಡುಗೆಯಾಕೆಯ ಮೇಲೆ ಹೊಡೆದಾಟದ ಕೇಸು ಇದೆ, ನಿಮ್ಮ ಮಕ್ಕಳ ಹಿತಕ್ಕಾಗಿಯೇ ಆಕೆಯನ್ನು ತೆಗೆಯುತ್ತಿದ್ದೇವೆ ಎಂದು ವಿವರಿಸಿದರು. ಆ ಹುಡುಗಿಯ ತಾಯಿ ಮುಂದೆ ಬಂದಳು.

"ಗೊತ್ತದರಿ ಸಾಹೇಬ್ರ. ಆ ಕೇಸ್ ಅದ ಅಂತೇ ಇಲ್ಲಿ ಬಿಟ್ಟು ಹೊಂಟೇವಿ. ಕೇಸಿಲ್ಲದವನ ಹತ್ರ ಒಮ್ಮೆ ಬಿಟ್ಟು ನೋಡೇವಿ."

ಹಿಂದೆ ನಿಂತವರು ಮಕ್ಕಳ ಪೆಟ್ಟಿಗೆಗಳನ್ನು ಮತ್ತೆ ಲಾರಿಗೆ ಏರಿಸತೊಡಗಿದರು. ಸಾಹೇಬರು ಲಾರಿ ನೋಡಿದರು, ಒಲೆಯ ಮುಂದಿದ್ದ ಮೌಶಿಯನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ನೋಟೀಸು ಎಲ್ಲಿ ಎಂದರು.

"ಬೀದರದಾಗೇ ಬಿಟ್ಟು ಬಂದೇನ್ರಿ ಸರ," ಅಂದೆ. ಚೀಲದಿಂದ ಅದರ ತುದಿ ಹೊರಗೆ ಕಾಣುತ್ತಿತ್ತು.

ಸಾಹೇಬರು ಆ ತುದಿಯನ್ನು ಚೆನ್ನಾಗಿಯೇ ನೋಡಿ ಹೇಳಿದರು: "ಹಂಗಾದ್ರ ಮುಂದಿನ ವರ್ಷ ತಗೊಂಡ್ ಬರ್ರಿ."