ಬಾಣಂತಿಗೆ ತಂದ ಕೊರವ ಮೀನು

ಮಗಳು ಧನ್ಯಶ್ರೀ ಹೆತ್ತು ಮನೆಗೆ ಬಂದ ವಾರವೇ ಆರ್‌ಪಿಸಿ ಲೇಔಟಿನ ಮಹದೇವ್ ಘೋಷಿಸಿಬಿಟ್ಟರು: ಬಾಣಂತಿಗೆ ಕೊರವ ಮೀನಿನ ಸಾರು ಆಗಬೇಕು, ಅದೂ ಅಂಗಡಿಯದಲ್ಲ, ತಾವೇ ಕೈಯಾರೆ ಹಿಡಿದದ್ದು! ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೋಗಿ ಬರುವ ಈ ಮನುಷ್ಯ ಅದುವರೆಗೆ ಗಟ್ಟಿಯಾಗಿ ಹಿಡಿದದ್ದೆಂದರೆ ಬಸ್ಸಿನ ಕಂಬಿಯೊಂದನ್ನೇ.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತರಾದರು. ಮುಂಗಾರಿನಲ್ಲಿ ಕೊರವ ಮರಿ ಮಾಡುತ್ತದೆ. ಮರಿಗಳು ಕೆಂಪಗೆ ಗುಂಪಾಗಿ ತೇಲಾಡುವಾಗ ದೊಡ್ಡ ಮೀನು ಕೆಳಗೇ ಕಾವಲಿರುತ್ತದೆ. ಆಗ ಅದು ಹಸಿವಿಗೆ ಗಾಳ ಕಚ್ಚುವುದಿಲ್ಲ. ಮರಿಗಳ ನಡುವೆ ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಕಪ್ಪೆಯೊಂದನ್ನು ಎಳೆದರೆ ಮಾತ್ರ ಸಿಟ್ಟಿಗೆ ಕಚ್ಚಿಯೇ ಕಚ್ಚುತ್ತದೆ. ಈ ಪ್ರವಚನ ಕೇಳಿ ಸಾಕಾದ ಹೆಂಡತಿ ಶಶಿಕಲಾ, ಅಂಗಡಿಯಿಂದ ತಂದರೂ ಮೀನು ಮೀನೇ ಎಂದರು. ಮಹದೇವ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಮಾಗಡಿ ರಸ್ತೆಯಾಚೆ ಗೆಳೆಯನ ತೋಟದ ಹೊಂಡಕ್ಕೆ ಹೋದರು. ಮೊದಲ ಎಸೆತಕ್ಕೆ ಗಾಳ ಅವರದೇ ಅಂಗಿಯ ಬೆನ್ನಿಗೆ ಸಿಕ್ಕಿಕೊಂಡಿತು. ಮುಂದಿನದು ಸೀಬೆ ಮರಕ್ಕೆ. ಕೊನೆಗೊಮ್ಮೆ ರಬ್ಬರ್ ಕಪ್ಪೆ ಮೀನಿನ ಮರಿಗಳ ಮೇಲೇ ಬಿತ್ತು. ಮೀನು ಮೇಲೆದ್ದು ಅದನ್ನು ತಲೆಯಿಂದ ತಳ್ಳಿತು. ಮತ್ತೆ ಎಳೆದಾಗ ಮತ್ತೆ ತಳ್ಳಿತು. ಆಮೇಲೆ ಕಚ್ಚಿತು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮಹದೇವ್ ಅದನ್ನು ಜೀವಂತ ಬಕೆಟ್ಟಿನಲ್ಲಿಟ್ಟು ಸ್ಕೂಟರಿನಲ್ಲಿ ತಂದರು.

ಮನೆಯಲ್ಲಿ ಮುಚ್ಚಳ ತೆಗೆದದ್ದೇ ತಡ, ಮೀನು ಹಾರಿ ನಡುಮನೆಯ ನೆಲದ ಮೇಲೆ ಜಾರಿ ಮಂಚದಡಿ ಸೇರಿತು. ಚಕ್ರವರ್ತಿಗಳು ಹೊಟ್ಟೆಯ ಮೇಲೆ ತೆವಳಿದರು. ಸಾಂಬ್ರಾಣಿ ಬಟ್ಟಲು ಉರುಳಿತು, ಮಡಿಚಿಟ್ಟಿದ್ದ ಮಗುವಿನ ಬಟ್ಟೆಗಳೆಲ್ಲ ಬೂದಿಮಯವಾದವು. ಕೊನೆಗೆ ಶಶಿಕಲಾ ಒದ್ದೆ ಟವೆಲ್ ಎಸೆದು ಮೀನನ್ನು ಅಪ್ಪಿ ಹಿಡಿದರು.

"ಇದಕ್ಕೆ ಯಾವ ವಿಡಿಯೋನೂ ಬೇಕಾಗ್ಲಿಲ್ಲ ಕಣ್ರೀ," ಎಂದರು.

ನಕ್ಕೂ ನಕ್ಕೂ ಸುಸ್ತಾದ ಧನ್ಯಶ್ರೀ, ಹೇಗೆ ಹಿಡಿದಿರೆಂದು ಕೇಳಿದಳು. ಮಹದೇವ್ ಅಭಿನಯ ಸಮೇತ ಎಲ್ಲವನ್ನೂ ಹೇಳಿದರು: ಕಾವಲು, ಕಪ್ಪೆ, ಸಿಟ್ಟು. ಕೇಳುತ್ತ ಕೇಳುತ್ತ ಅವಳ ನಗು ನಿಂತಿತು. ಮಗು ಎದೆಹಾಲು ಕುಡಿಯುತ್ತಿತ್ತು.

"ಅದ್ರ ಮರಿಗಳು ಈಗ ಯಾರ ಹತ್ರ ಇವೆ ಅಪ್ಪ?"

ಶಶಿಕಲಾ ಮೀನು ಕೊಯ್ಯಲು ತೆಗೆದಿದ್ದ ಈಳಿಗೆ ಮಣೆಯನ್ನು ಮತ್ತೆ ಗೋಡೆಗೆ ಒರಗಿಸಿದರು.

ಬಕೆಟ್ಟು ಮತ್ತೆ ಸ್ಕೂಟರ್ ಏರಿತು. ಹೊಂಡದಲ್ಲಿ ಕೆಂಪು ಗುಂಪು ಕಾಣಲಿಲ್ಲ. ಬೇರೆ ಸಣ್ಣಪುಟ್ಟ ಮೀನುಗಳು ಅಲ್ಲಿ ನುಗ್ಗಾಡುತ್ತಿದ್ದವು, ದಡದಲ್ಲಿ ಕೊಕ್ಕರೆಯೊಂದು ನಿಂತಿತ್ತು. ಬಿಟ್ಟ ಕೂಡಲೇ ಕೊರವ ಆಳಕ್ಕೆ ಓಡೀತೆಂದುಕೊಂಡಿದ್ದರು. ಅದು ಓಡಲಿಲ್ಲ. ಮರಿಗಳಿದ್ದ ಜೊಂಡಿನ ಬಳಿ ಹೋಗಿ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಗೆಳೆಯ ಕಾಫಿಗೆ ಕರೆದದ್ದು ಮಹದೇವ್‌ಗೆ ಕೇಳಿಸಲಿಲ್ಲ.

ಮನೆಗೆ ಬಂದಾಗ ಮಗಳು, ಮರಿಗಳು ಸಿಕ್ಕವೇ ಎಂದಳು.

"ಇದ್ವಮ್ಮ. ಎಲ್ಲಾ ಅಲ್ಲೇ ಇದ್ವು."

ಅವಳು ನೆಮ್ಮದಿಯಿಂದ ಮಗುವಿನ ಪಕ್ಕ ಮಲಗಿದಳು. ಅಡುಗೆಮನೆಯಲ್ಲಿ ಶಶಿಕಲಾ ಗಂಡನ ತಟ್ಟೆಗೆ ಸೊಪ್ಪಿನ ಸಾರು ಬಡಿಸಿ, ಅವರ ಮುಖವನ್ನೇ ಒಂದು ಗಳಿಗೆ ನೋಡಿ, ಮೆಲ್ಲಗೆ ಹೇಳಿದರು:

"ಮೀನು ಹಿಡಿಯೋದು ಹೆಂಗೋ ಕಲಿತ್ರಿ. ಸುಳ್ಳು ಹೇಳೋದು ಮಾತ್ರ ಇನ್ನೂ ಬರ್ಲಿಲ್ಲ ನಿಮಗೆ."